ಯೇವೂರಿನ ಗುಡ್ಡ, ಆರೇಯ ಹಾಡು

ಠಾಣೆ ಸ್ಟೇಶನ್ನಿನ ಪಶ್ಚಿಮಕ್ಕೆ ಇಳಿದು ರಿಕ್ಷಾ ಹಿಡಿದರೆ, ವರ್ತಕ ನಗರ ದಾಟಿ ಉಪವನ ಕೆರೆಯ ದಂಡೆಗೆ ಬರುವಷ್ಟರಲ್ಲಿ ಊರು ಮುಗಿಯುತ್ತದೆ. ಕೆರೆಯ ಈಚೆಗೆ ಎತ್ತರದ ಕಟ್ಟಡಗಳು, ವಡಾಪಾವ್ ಗಾಡಿಗಳು, ಬೆಳಗಿನ ವಾಕಿಂಗಿನವರು. ಆಚೆಗೆ ಯೇವೂರಿನ ಗುಡ್ಡ. ರಸ್ತೆ ತಿರುವು ತಿರುವಾಗಿ ಮೇಲೇರುತ್ತದೆ. ಅರಣ್ಯ ಇಲಾಖೆಯ ಗೇಟು ದಾಟಿದ ಮೇಲೆ ಗಾಳಿಯ ವಾಸನೆಯೇ ಬೇರೆ. ಸಾಗವಾನಿ, ಮುತ್ತುಗ, ಬಿದಿರು. ಮಳೆಗಾಲವಾದರೆ ರಸ್ತೆಯ ಎರಡೂ ಬದಿ ನೀರಿನ ಸದ್ದು. ಹೆಸರಿನ ಕೊನೆಗಿರುವ ‘ಊರು’ ಕನ್ನಡದ ಕಿವಿಗೆ ನಮ್ಮದೇ ಅನಿಸುತ್ತದೆ. ಆದರೆ ಇಲ್ಲಿಯ ಜನ ತಮ್ಮ ಕೇರಿಗಳಿಗೆ ಊರು ಅನ್ನುವುದಿಲ್ಲ, ಪಾಡಾ ಅನ್ನುತ್ತಾರೆ. ಪಾಟೋಣಪಾಡಾ, ಜಾಂಭೂಳಪಾಡಾ ಹೀಗೆ.

ಬಹಳ ಮಂದಿ ಈ ಕಾಡನ್ನು ‘ಬೊರಿವಲಿ ನ್ಯಾಶನಲ್ ಪಾರ್ಕ್’ ಎಂದು ಕರೆಯುತ್ತಾರೆ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಒಟ್ಟು ವಿಸ್ತೀರ್ಣ ಸುಮಾರು 103 ಚದರ ಕಿಲೋಮೀಟರ್. ಅದರಲ್ಲಿ 59 ಚದರ ಕಿಲೋಮೀಟರ್ ಇರುವುದು ನಮ್ಮ ಠಾಣೆಯ ಕಡೆಗೆ. ಬೊರಿವಲಿಗೆ ಇರುವುದು ಹೆಬ್ಬಾಗಿಲು. ಕಾಡಿನ ದೊಡ್ಡ ಪಾಲು ಇಲ್ಲಿಯದೇ. ಇದೇ ಹಸಿರಿನ ದಕ್ಷಿಣದ ಅಂಚಿಗೆ ಹೊಂದಿಕೊಂಡು ಗೋರೆಗಾಂವಿನ ಆರೇ ಇದೆ. ನಕ್ಷೆಯಲ್ಲಿ ನಡುವೆ ಜಿಲ್ಲೆಯ ಗಡಿ, ಪಾಲಿಕೆಯ ಗಡಿ, ಇಲಾಖೆಯ ಗಡಿ ಎಲ್ಲ ಕಾಣಿಸುತ್ತವೆ. ಚಿರತೆಗೆ ಅವು ಯಾವುವೂ ಇಲ್ಲ. ಪಾಡಾಗಳ ನೆಂಟಸ್ತಿಕೆಗೂ ಇಲ್ಲ.

ಯೇವೂರಿಗೆ ಹೋಗುವ ರಸ್ತೆಯಲ್ಲಿ ನಿಂತು ನಾನು ಹೇಳಹೊರಟಿರುವುದು ಆರೇಯ ಕಡೆಯಿಂದ ಬಂದ ಒಂದು ಹಾಡಿನ ಬಗ್ಗೆ. ಹೆಸರು ‘ದ ವಾರ್ಲಿ ರಿವೋಲ್ಟ್’. 2019ರಲ್ಲಿ ಆಜಾದಿ ರೆಕಾರ್ಡ್ಸ್ ಹೊರತಂದದ್ದು. ಮುಂಬಯಿಯ ‘ಸ್ವದೇಸಿ’ ಎಂಬ ಹಿಪ್ ಹಾಪ್ ತಂಡ ಮತ್ತು ಆರೇಯ ಕೇಲ್ಟಿಪಾಡಾದ ಆದಿವಾಸಿ ಹಾಡುಗಾರ, ಕಾರ್ಯಕರ್ತ ಪ್ರಕಾಶ್ ಭೋಯಿರ್ ಕೂಡಿ ಮಾಡಿದ ಹಾಡು. ನಮ್ಮ ವಯಸ್ಸಿನವರು ಹಿಪ್ ಹಾಪ್ ಎಂದ ಕೂಡಲೇ ಕಿವಿ ಮುಚ್ಚಿಕೊಳ್ಳುತ್ತೇವೆ. ಆದರೆ ಠಾಣೆಯ ನೆಲದ ಮೇಲೆ ಬದುಕುತ್ತಿರುವ ವಲಸಿಗರು ಕೇಳಲೇಬೇಕಾದ ಒಂದು ಮಾತು ಇದರಲ್ಲಿದೆ ಎಂದು ನನಗೆ ಅನಿಸುತ್ತದೆ.

ಮುಂಬಯಿಯ ರ್‍ಯಾಪಿಗೆ ದೊಡ್ಡ ತಿರುವು ಸಿಕ್ಕಿದ್ದು 2015ರಲ್ಲಿ. ಅಂಧೇರಿಯ ಜೆ.ಬಿ. ನಗರದ ಡಿವೈನ್ ಮತ್ತು ಕುರ್ಲಾದ ನೇಝಿ ಸೇರಿ ‘ಮೇರೆ ಗಲೀ ಮೇ’ ಮಾಡಿದರು. ಅದುವರೆಗೆ ಇಂಗ್ಲಿಷಿನ ಅನುಕರಣೆಯಂತೆ ಕಾಣುತ್ತಿದ್ದ ಕಲೆ ಓಣಿಯ ಭಾಷೆಗೆ ಇಳಿಯಿತು. ನಳದ ನೀರಿನ ಸಾಲು, ಪೊಲೀಸರ ಲಾಠಿ, ಚಾಳಿನ ಜಗಳ ಎಲ್ಲ ಹಾಡಾಗಬಹುದು ಎಂದು ಹುಡುಗರಿಗೆ ಗೊತ್ತಾಯಿತು. 2019ರ ಫೆಬ್ರುವರಿಯಲ್ಲಿ ಝೋಯಾ ಅಖ್ತರ್ ಅವರ ‘ಗಲೀ ಬಾಯ್’ ಬಂದ ಮೇಲಂತೂ ನಮ್ಮ ಸೊಸೈಟಿಯ ಗಣಪತಿ ಪೆಂಡಾಲಿನಲ್ಲೂ ಅದೇ ಹಾಡು. ಸ್ವದೇಸಿಯ ಕೆಲವು ಹುಡುಗರ ದನಿ ಆ ಸಿನಿಮಾದ ಹಾಡಿನಲ್ಲೂ ಇದೆ. ಆದರೆ ಈ ತಂಡದ ದಾರಿ ಸ್ವಲ್ಪ ಬೇರೆ. ‘ನಾನು’, ‘ನನ್ನ ಗಲ್ಲಿ’, ‘ನನ್ನ ಕಷ್ಟ’ ಎಂಬುದನ್ನು ದಾಟಿ, ರೈತ, ಕೂಲಿ, ಜಾತಿ, ನೆಲ ಎಂದು ಮಾತಾಡುವ ತಂಡ ಇದು. ಹಾಡುವುದು ಹಲವು ಭಾಷೆಗಳಲ್ಲಿ. ಮರಾಠಿ, ಹಿಂದಿ, ಗುಜರಾತಿ ಎಲ್ಲ ಉಂಟು. ಮುಂಬಯಿಯ ಲೋಕಲ್ ಡಬ್ಬಿಯಲ್ಲಿ ಕೂತರೆ ಕೇಳುವ ಭಾಷೆಗಳೇ ಅವು.

ಹಾಡಿನ ಹೆಸರನ್ನು ಹಿಡಿದು ಹೊರಟರೆ ಆರೇಯಿಂದ ನೇರವಾಗಿ ಹಳೆಯ ಠಾಣೆ ಜಿಲ್ಲೆಯ ಉತ್ತರದ ತುದಿಗೆ ಹೋಗಿ ಮುಟ್ಟುತ್ತೇವೆ. ಡೊಂಬಿವಲಿಯವರಿಗೆ ಅದು ಸುಲಭ. ಪಕ್ಕದ ಕೋಪರಿನಿಂದ ದಿವಾ–ವಸಯಿ ಮಾರ್ಗದ ಗಾಡಿ ಹಿಡಿದು, ವಸಯಿಯಿಂದ ಡಹಾಣು ರೋಡಿಗೆ ಹೋದರಾಯಿತು. ಅಲ್ಲಿಂದ ಒಳಗೆ ತಲಾಸರಿ. 2014ರ ಆಗಸ್ಟ್ 1ರಂದು ಪಾಲ್ಘರ್ ಬೇರೆ ಜಿಲ್ಲೆಯಾಯಿತು. ಅದಕ್ಕೂ ಮೊದಲು ಇದೆಲ್ಲ ಠಾಣೆಯೇ. ಮಳೆ ನಿಂತ ಮೇಲೆ ಈ ದಾರಿಯಲ್ಲಿ ಹೋದರೆ ಗುಡ್ಡದ ಇಳಿಜಾರಿನ ತುಂಬ ಎದೆಯೆತ್ತರದ ಹುಲ್ಲು. ಒಂದು ಕಾಲದಲ್ಲಿ ಈ ಹುಲ್ಲೇ ಇಲ್ಲಿಯ ಜಮೀನುದಾರರ ಸಂಪತ್ತು. ವಾರ್ಲಿಗಳು ಕೊಯ್ಯಬೇಕು, ಗಾಡಿಗಳಲ್ಲಿ ತುಂಬಿ ಮುಂಬಯಿಗೆ ಕಳಿಸಬೇಕು.

ಆಗಿನ ವಾರ್ಲಿಗಳ ಬದುಕನ್ನು ‘ವೇಠ್’ ಎಂಬ ಒಂದೇ ಪದ ಹೇಳಿಬಿಡುತ್ತದೆ. ನಮ್ಮ ಬಿಟ್ಟಿ ಚಾಕರಿ. ಮದುವೆಗೆಂದು ಸಾಲ ತೆಗೆದ ಗಂಡು ಹೆಂಡತಿಯ ಸಮೇತ ಜಮೀನುದಾರನ ಆಳಾಗುತ್ತಿದ್ದ. ಅವನನ್ನು ‘ಲಗ್ನಗಡಿ’ ಎನ್ನುತ್ತಿದ್ದರು. ಮದುವೆಯ ಸಾಲದ ಜೀತದಾಳು. 1945ರ ಮೇ 23ರಂದು ಝರಿ ಎಂಬ ಹಳ್ಳಿಯಲ್ಲಿ ಸಾವಿರಾರು ವಾರ್ಲಿಗಳು ಸೇರಿ, ಇನ್ನು ಮುಂದೆ ಬಿಟ್ಟಿ ದುಡಿಯುವುದಿಲ್ಲ ಎಂದು ನಿಶ್ಚಯ ಮಾಡಿದರು. ಅವರ ಜೊತೆ ನಿಂತವರು ಕಿಸಾನ್ ಸಭಾದ ಗೋದಾವರಿ ಪರುಳೇಕರ್ ಮತ್ತು ಶ್ಯಾಮರಾವ್ ಪರುಳೇಕರ್. ಮಳೆಗಾಲ ಮುಗಿದು ಹುಲ್ಲು ಕೊಯ್ಯುವ ಹೊತ್ತಿಗೆ ಕೂಲಿಯ ಪ್ರಶ್ನೆ ಎದ್ದಿತು. ಅಕ್ಟೋಬರ್ 10ರಂದು ತಲವಾಡಾದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಜೇಠ್ಯಾ ಗಾಂಗಡ್ ಸೇರಿ ಐದು ಜನ ಸತ್ತರು. ಗೋದಾವರಿಬಾಯಿ ಈ ಹೋರಾಟವನ್ನು ‘ಜೇವ್ಹಾ ಮಾಣೂಸ್ ಜಾಗಾ ಹೋತೋ’ ಎಂಬ ಪುಸ್ತಕದಲ್ಲಿ ಬರೆದರು. ‘ಮನುಷ್ಯ ಎಚ್ಚೆತ್ತಾಗ’ ಎಂದು ಕನ್ನಡದಲ್ಲಿ ಹೇಳಬಹುದು. ಅದಕ್ಕೆ 1972ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹುಲ್ಲು ಕೊಯ್ಯುವವನ ಕೂಲಿಯ ಕಥೆಗೆ ದಿಲ್ಲಿಯ ಪ್ರಶಸ್ತಿ. ಆದರೂ ಠಾಣೆಯಲ್ಲಿ ಮೂವತ್ತು ನಲವತ್ತು ವರ್ಷ ಇದ್ದ ನಮ್ಮವರಲ್ಲಿ ಈ ಹೆಸರು ಕೇಳಿದವರು ಕಡಿಮೆ.

ಹುಡುಗರು 2019ರ ಹಾಡಿಗೆ 1945ರ ಹೆಸರು ಇಟ್ಟದ್ದು ಸುಮ್ಮನೆ ಅಲ್ಲ. ಅಂದು ಪ್ರಶ್ನೆ ಬೆವರಿನದು, ಇಂದಿನದು ನೆಲದ್ದು. ಎರಡರಲ್ಲೂ ಕೇಳುತ್ತಿರುವುದು ಒಂದೇ: ನಮ್ಮದನ್ನು ನಮ್ಮನ್ನು ಕೇಳದೆ ಹೇಗೆ ತೆಗೆದುಕೊಳ್ಳುತ್ತೀರಿ?

ಈಗ ಹಾಡಿನ ಕಟ್ಟೋಣಕ್ಕೆ ಬರೋಣ. ಜನಪದ ಹಾಡುಗಾರರನ್ನು ಸ್ಟುಡಿಯೋಕ್ಕೆ ಕರೆಯುವುದು ಹೊಸತಲ್ಲ. ಸಾಮಾನ್ಯವಾಗಿ ಏನಾಗುತ್ತದೆಂದರೆ, ಅವರಿಂದ ಎರಡು ಸಾಲು ಹಾಡಿಸಿ, ಅದನ್ನು ಒಗ್ಗರಣೆಯಂತೆ ನಡುನಡುವೆ ಹಾಕಿ, ಉಳಿದದ್ದನ್ನೆಲ್ಲ ಪಟ್ಟಣದ ಗಾಯಕರು ಹಾಡುತ್ತಾರೆ. ಹೆಸರು ಇದ್ದರೂ ಸಣ್ಣ ಅಕ್ಷರದಲ್ಲಿ. ಈ ಹಾಡಿನಲ್ಲಿ ಭೋಯಿರ್ ಅವರ ದನಿ ಒಗ್ಗರಣೆಯಲ್ಲ, ಅಡಿಪಾಯ. ಬಯಲಿನಲ್ಲಿ ಹಾಡಿ ಅಭ್ಯಾಸವಿರುವ, ಮೈಕು ಹುಡುಕದ ದನಿ. ಅದರ ಅಡಿಗೆ ಎದೆಗೆ ಬಡಿಯುವ ಬೇಸ್. ಆಮೇಲೆ ರ್‍ಯಾಪ್. ಯಾರೂ ಆ ದನಿಯನ್ನು ನುಣುಪು ಮಾಡಲು ಹೋಗಿಲ್ಲ.

ನಮಗೆ ಇದು ಅರ್ಥವಾಗುವುದು ಕಷ್ಟವಲ್ಲ. ತಾಳಮದ್ದಳೆಯಲ್ಲಿ ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಆ ಪದದ ಮೇಲೆ ತನ್ನ ಮಾತು ಕಟ್ಟುತ್ತಾನೆ. ಪದ ಹಳೆಯದು, ಮಾತು ಈ ಕ್ಷಣದ್ದು. ಪದ ಇಲ್ಲದೆ ಅರ್ಥಕ್ಕೆ ನೆಲೆಯಿಲ್ಲ, ಅರ್ಥ ಇಲ್ಲದೆ ಪದ ಇವತ್ತಿಗೆ ಬರುವುದಿಲ್ಲ. ಭೋಯಿರ್ ಅವರ ಹಾಡು ಪದ, ಹುಡುಗರ ರ್‍ಯಾಪ್ ಅರ್ಥ. ಡೊಂಬಿವಲಿ, ಠಾಣೆ, ನೆರೂಳಿನ ಸಭಾಗೃಹಗಳಲ್ಲಿ ರಾತ್ರಿಯಿಡೀ ತಾಳಮದ್ದಳೆ ಕೇಳಿ ಬೆಳಗಿನ ಲೋಕಲ್ ಹಿಡಿದವರಿಗೆ ಇದನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಇನ್ನೊಂದು ಹೋಲಿಕೆಯೂ ಇದೆ. ಹಿಪ್ ಹಾಪಿನ ಹುಡುಗರು ಉದ್ಯಾನದಲ್ಲೋ ಮೈದಾನದಲ್ಲೋ ಸುತ್ತ ನಿಂತು, ಒಬ್ಬೊಬ್ಬರಾಗಿ ಮಾತು ಕಟ್ಟುವುದಕ್ಕೆ ಸೈಫರ್ ಎನ್ನುತ್ತಾರೆ. ವಾರ್ಲಿಗಳ ತಾರ್ಪಾ ಕುಣಿತವೂ ಸುತ್ತಿನದೇ. ಒಣಗಿದ ಸೋರೆಬುರುಡೆ, ಬಿದಿರು, ತಾಳೆಗರಿ, ಜೇನುಮೇಣ ಸೇರಿಸಿ ಮಾಡಿದ ವಾದ್ಯ ತಾರ್ಪಾ. ಹಾವಾಡಿಗರ ಪುಂಗಿಯ ದೊಡ್ಡಣ್ಣ ಎನ್ನಬಹುದು. ಸುಗ್ಗಿಯ ಹೊತ್ತಿಗೆ ನುಡಿಸುವವನು ನಡುವೆ, ಕುಣಿಯುವವರು ಕೈಕೈ ಹಿಡಿದು ಅವನ ಸುತ್ತ. ಕುಣಿಯುವವರು ತಾರ್ಪಾಕ್ಕೆ ಬೆನ್ನು ಹಾಕುವುದಿಲ್ಲ. ಆ ಸುರುಳಿಯನ್ನು ನಾವೆಲ್ಲ ನೋಡಿದ್ದೇವೆ, ಎಲ್ಲಿ ಎಂದರೆ ನಮ್ಮ ಮನೆಯ ಪರದೆಯ ಮೇಲೆ, ಲಿಫ್ಟಿನ ಪಕ್ಕದ ಗೋಡೆಯ ಮೇಲೆ, ಚಹಾದ ಕಪ್ಪಿನ ಮೇಲೆ. ತ್ರಿಕೋನದ ಮೈ, ಕಡ್ಡಿಯಂಥ ಕೈಕಾಲು. ಡಹಾಣುವಿನ ಗಂಜಾಡಿನ ಜಿವ್ಯಾ ಸೋಮಾ ಮಾಶೆ ಆ ಚಿತ್ರಗಳನ್ನು ಲೋಕಕ್ಕೆ ತೋರಿಸಿದರು. 2011ರಲ್ಲಿ ಪದ್ಮಶ್ರೀ ಬಂತು, 2018ರಲ್ಲಿ ತೀರಿಕೊಂಡರು. ಅವರಿಗೂ ಮೊದಲು ಅದು ಹೆಂಗಸರು ಮದುವೆಗೆ ಬರೆಯುತ್ತಿದ್ದ ಗೋಡೆಚಿತ್ರ. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟು. ನಮ್ಮ ಮಲೆನಾಡಿನ ದೀವರ ಹಸೆ ಚಿತ್ತಾರವೂ ಹಾಗೆಯೇ. ಅಲ್ಲೂ ಕೆಮ್ಮಣ್ಣು, ಅಲ್ಲೂ ಅಕ್ಕಿ, ಅಲ್ಲೂ ಮದುವೆ, ಅಲ್ಲೂ ಹೆಂಗಸರ ಕೈ.

ಚಿತ್ರ ಗೋಡೆಗೆ ಬಂತು, ಚಿತ್ರ ಬರೆದವರು ಎಲ್ಲಿ ಎಂದು ಯಾರೂ ಕೇಳಲಿಲ್ಲ. ಆ ಮೌನ ಕುಣಿತಕ್ಕೆ ದನಿ ಕೊಟ್ಟದ್ದು ಈ ಹಾಡಿನ ಮೊದಲ ಕೆಲಸ.

ಆರೇಯ ಕಥೆಯನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ಆದರೂ ಕ್ರಮವಾಗಿ ಹೇಳುತ್ತೇನೆ. 1949ರಲ್ಲಿ ಇಲ್ಲಿ ಆರೇ ಮಿಲ್ಕ್ ಕಾಲನಿ ಶುರುವಾಯಿತು. ಪಟ್ಟಣದೊಳಗಿನ ಎಮ್ಮೆ ಕೊಟ್ಟಿಗೆಗಳನ್ನು ಹೊರಗೆ ತಂದು, ಶುದ್ಧ ಹಾಲು ಕೊಡುವ ಯೋಜನೆ. ಆ ನೆಲದಲ್ಲಿ ಆಗಲೇ ಆದಿವಾಸಿ ಪಾಡಾಗಳಿದ್ದವು. ಈಗ 27 ಎಂದು ಎಣಿಸುತ್ತಾರೆ. ವಾರ್ಲಿ, ಕೋಕ್ಣಾ, ಮಲ್ಹಾರ್ ಕೋಳಿ ಹೀಗೆ ಹಲವು ಕುಲದವರು. ಡೇರಿ ಬಂತು, ಫಿಲ್ಮ್ ಸಿಟಿ ಬಂತು, ಒಂದೊಂದಾಗಿ ಬೇರೆ ಬೇರೆ ಸಂಸ್ಥೆಗಳು ಬಂದವು. ಕೊನೆಗೆ ಮೂರನೇ ಮೆಟ್ರೋ ಮಾರ್ಗದ ಕಾರ್ ಶೆಡ್ಡಿಗೆ ಸುಮಾರು 33 ಹೆಕ್ಟೇರ್ ಜಾಗ ಗೊತ್ತಾಯಿತು.

2019ರ ಅಕ್ಟೋಬರ್ 4ರಂದು ಮುಂಬಯಿ ಹೈಕೋರ್ಟು ಮರ ಕಡಿಯುವುದರ ವಿರುದ್ಧದ ಅರ್ಜಿಗಳನ್ನು ತಳ್ಳಿಹಾಕಿತು. ಅದೇ ರಾತ್ರಿ ಗರಗಸಗಳು ಬಂದವು. ಸುದ್ದಿ ಫೋನಿನಿಂದ ಫೋನಿಗೆ ಹಾರಿ ನೂರಾರು ಜನ ಓಡಿಬಂದರು. 29 ಜನರನ್ನು ಬಂಧಿಸಿದರು. ಮೂರು ದಿನದ ನಂತರ, 7ರಂದು, ಸುಪ್ರೀಂ ಕೋರ್ಟು ತಡೆ ಕೊಡುವ ಹೊತ್ತಿಗೆ 2,141 ಮರಗಳು ನೆಲಕ್ಕೆ ಬಿದ್ದಿದ್ದವು. 1945ರಲ್ಲೂ ಅಕ್ಟೋಬರ್, 2019ರಲ್ಲೂ ಅಕ್ಟೋಬರ್. ಕಾಕತಾಳೀಯವೇ. ಆದರೆ ಅದೇ ವರ್ಷ ಬಂದ ಹಾಡಿಗೆ ವಾರ್ಲಿ ದಂಗೆಯ ಹೆಸರಿದ್ದುದರಿಂದ ಈ ಎರಡು ಅಕ್ಟೋಬರುಗಳು ಕೇಳುವವರ ಮನಸ್ಸಿನಲ್ಲಿ ಪಕ್ಕಪಕ್ಕಕ್ಕೆ ಬಂದು ಕೂತವು.

ಹಾಡಿನಿಂದ ಮರ ಉಳಿಯಿತೇ? ಇಲ್ಲ. 2020ರಲ್ಲಿ ರಾಜ್ಯ ಸರ್ಕಾರ ಆರೇಯ ಸುಮಾರು 800 ಎಕರೆಯನ್ನು ಕಾಯ್ದಿಟ್ಟ ಅರಣ್ಯ ಮಾಡುವುದಾಗಿ ಹೇಳಿ, ಕಾರ್ ಶೆಡ್ಡನ್ನು ಕಾಂಜೂರ್‌ಮಾರ್ಗಕ್ಕೆ ಒಯ್ಯುವುದಾಗಿ ಪ್ರಕಟಿಸಿತು. 2022ರಲ್ಲಿ ಸರ್ಕಾರ ಬದಲಾಯಿತು, ಶೆಡ್ಡು ಆರೇಗೇ ಮರಳಿತು. 2024ರ ಅಕ್ಟೋಬರ್ 5ರಂದು ಆರೇಯಿಂದ ಬಾಂದ್ರಾ–ಕುರ್ಲಾ ಸಂಕುಲದವರೆಗಿನ ಮೊದಲ ಹಂತವನ್ನು ಪ್ರಧಾನಿ ಉದ್ಘಾಟಿಸಿದರು. ಆ ಸಮಾರಂಭ ನಡೆದದ್ದು ನಮ್ಮ ಠಾಣೆಯಲ್ಲಿ. ಮೆಟ್ರೋ ಚೆನ್ನಾಗಿದೆ. ಸೆಖೆಯಲ್ಲಿ ಬೆವರು ಸುರಿಸಿಕೊಂಡು ಲೋಕಲಿನ ಬಾಗಿಲಿಗೆ ಜೋತುಬಿದ್ದ ನಾವು ಅದು ಬೇಡ ಎನ್ನಲಾರೆವು. ಹಾಗಾದರೆ ಹಾಡು ಮಾಡಿದ್ದೇನು?

ಅದಕ್ಕೆ ಉತ್ತರ ಹುಡುಕಲು ನಾನು ದೂರ ಹೋಗಬೇಕಾಗಲಿಲ್ಲ. ಹಾಡನ್ನು ಮನೆಗೆ ತಂದವನು ಡೊಂಬಿವಲಿಯ ನನ್ನ ಅಕ್ಕನ ಮಗ. “ಮಾವ, ಇದನ್ನ ಇಯರ್‌ಫೋನಲ್ಲಿ ಕೇಳ್ಬೇಡಿ, ದೊಡ್ಡ ಸ್ಪೀಕರಿಗೆ ಹಾಕಿ” ಎಂದ. ಹಾಕಿದ್ದಾಯಿತು. ಪಕ್ಕದ ಫ್ಲ್ಯಾಟಿನ ನಮ್ಮೂರ ಕಡೆಯ ಹಿರಿಯರೊಬ್ಬರು ಬಾಗಿಲು ತಟ್ಟಿ, “ಏನ್ರೀ ಇದು, ಯಾರಿಗೋ ಬೈದ ಹಾಗೆ ಕೇಳ್ತದೆ” ಎಂದರು. ಒಳಕೋಣೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅಮ್ಮ ಮಾತ್ರ ಕೈ ನಿಲ್ಲಿಸಿ ಕೇಳಿದಳು. ಭೋಯಿರ್ ಅವರ ದನಿ ಬಂದಾಗ, “ಇದೆಂತದೋ, ದೀಪಾವಳಿ ರಾತ್ರಿ ಅಂಟಿಗೆ ಪಂಟಿಗೆಯವ್ರು ದೂರದಿಂದ ಬರ್ತಾ ಇದ್ದಾಂಗೆ ಕೇಳ್ತದಲ್ಲೋ” ಎಂದಳು. ಅಂಟಿಗೆ ಪಂಟಿಗೆ ಎಂದರೆ ಮಲೆನಾಡಿನ ಕಡೆ ದೀಪ ಹಿಡಿದು ಮನೆಮನೆಗೆ ಹಾಡುತ್ತ ಬರುವ ತಂಡ. ಆಮೇಲೆ ರ್‍ಯಾಪ್ ಶುರುವಾಯಿತು. “ಈ ಹುಡುಗ್ರು ಎಂತಕ್ಕೆ ಸಿಟ್ಟು ಮಾಡ್ತಿದಾರೆ?” ಎಂದು ಕೇಳಿದಳು. ಅಕ್ಕನ ಮಗ ತಿಳಿಸಿ ಹೇಳಿದ. ಕಾಡು, ಪಾಡಾ, ಮೆಟ್ರೋ, ಎಲ್ಲ. ಅಮ್ಮ ಬಹಳ ಹೊತ್ತು ಸುಮ್ಮನಿದ್ದು, “ನಮಗೆ ಹಾಡು ಕಟ್ಟೋವ್ರು ಯಾರೂ ಇರ್ಲಿಲ್ಲ” ಎಂದಳು.

ಅಮ್ಮನ ತವರು ಸಾಗರದ ಕಡೆಯದು. ಅದು ಈಗ ನೀರಿನ ಅಡಿಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಏರಿತು. ‘ಮುಳುಗಡೆ’ ಎಂಬ ಪದ ಆ ಸೀಮೆಯಲ್ಲಿ ಒಂದು ಜಾತಿಯ ಹೆಸರಿನ ಹಾಗೆ ಆಗಿಬಿಟ್ಟಿತು. “ಅವರು ಮುಳುಗಡೆಯವರು” ಎನ್ನುತ್ತಿದ್ದರು. ಲಾರಿಯಲ್ಲಿ ತುಂಬಿ ಬೇರೆ ಕಾಡಿನಲ್ಲಿ ಇಳಿಸಿದ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ಆ ನೆಲದ ಹಕ್ಕುಪತ್ರಕ್ಕಾಗಿ ಇಂದಿಗೂ ಅಲೆಯುತ್ತಿದ್ದಾರೆ. ರಾಜ್ಯಕ್ಕೆ ಬೆಳಕು ಬಂತು, ಕಾರ್ಖಾನೆಗಳು ನಡೆದವು. ಅದೂ ಬೇಡವಾಗಿತ್ತು ಎಂದು ಯಾರೂ ಹೇಳುವುದಿಲ್ಲ. ಹಿನ್ನೀರಿನ ಆಚೆ ಉಳಿದವರು ಲಾಂಚಿಗೆ ಕಾಯುತ್ತ ಅರವತ್ತು ವರ್ಷ ಕಳೆದರು. ಸಿಗಂದೂರಿನ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಹಾಗೆ ನೋಡಿದರೆ ನಮ್ಮವರಿಗೆ ಕಥೆ ಕಟ್ಟಿದವರು ಇದ್ದರು. ಸಾಗರದ ನಾ. ಡಿಸೋಜ ‘ಮುಳುಗಡೆ’ ಬರೆದರು, ‘ದ್ವೀಪ’ ಬರೆದರು. ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು. ಆದರೆ ಅವು ಬಂದದ್ದು ನೀರು ಏರಿದ ಮೇಲೆ. ಮನೆ ಇನ್ನೂ ನಿಂತಿರುವಾಗ, ಒಲೆ ಇನ್ನೂ ಉರಿಯುತ್ತಿರುವಾಗ, ಅಲ್ಲಿಯವನೇ ಎದ್ದು ನಿಂತು ಹಾಡಿದ್ದು, ಪಟ್ಟಣದ ಹುಡುಗರು ಅವನ ಪಕ್ಕ ನಿಂತು ದನಿ ಕೂಡಿಸಿದ್ದು ಶರಾವತಿಯಲ್ಲಿ ಅಮ್ಮ ಕಂಡಿರಲಿಲ್ಲ.

ಈ ಹಾಡು ಮಾಡಿದ್ದು ಅದನ್ನೇ. ಆರೇಯ ವಾದವೆಲ್ಲ ಆಗ ‘ಮರ ಬೇಕೋ ಮೆಟ್ರೋ ಬೇಕೋ’ ಎಂದು ನಡೆಯುತ್ತಿತ್ತು. ಟಿವಿಯಲ್ಲಿ ಒಂದು ಕಡೆ ಪರಿಸರದವರು, ಇನ್ನೊಂದು ಕಡೆ ಅಧಿಕಾರಿಗಳು. ಎರಡೂ ಕಡೆ ಪಟ್ಟಣದವರೇ. ನಡುವೆ ಮನುಷ್ಯರ ಮನೆ ಇದೆ, ತರಕಾರಿ ಹಿತ್ತಿಲು ಇದೆ, ದೈವದ ಕಟ್ಟೆ ಇದೆ ಎಂಬುದು ಮರೆಗೆ ಸರಿದಿತ್ತು. ಹಾಡು ಅದನ್ನು ಮುಂದಕ್ಕೆ ತಂದಿತು. ಇವತ್ತಿಗೂ ಆರೇ ಚಳವಳಿಯ ಬಗ್ಗೆ ಬರೆಯುವವರು ಆ ಹಾಡನ್ನು ಮರೆಯುವುದಿಲ್ಲ. ನನ್ನ ಅಕ್ಕನ ಮಗನಂಥ, ಅರಣ್ಯ ಹಕ್ಕು ಎಂಬ ಪದವನ್ನೇ ಕೇಳದ ಹುಡುಗರು ವಾರ್ಲಿ ದಂಗೆ ಎಂದರೇನು ಎಂದು ಹುಡುಕಿ ಓದಿದರು. ಹಾಡಿನಿಂದ ನಾವು ಇದಕ್ಕಿಂತ ಹೆಚ್ಚೇನೂ ಕೇಳಬಾರದು. ಇದು ಕಡಿಮೆಯದೂ ಅಲ್ಲ.

ಸ್ವದೇಸಿಯ ಹುಡುಗರಲ್ಲಿ ಒಬ್ಬ, ಎಂ.ಸಿ. ತೋಡ್‌ಫೋಡ್ ಎಂಬ ಹೆಸರಿನಿಂದ ಗುಜರಾತಿಯಲ್ಲಿ ರ್‍ಯಾಪ್ ಮಾಡುತ್ತಿದ್ದ ಧರ್ಮೇಶ್ ಪರ್ಮಾರ್, 2022ರ ಮಾರ್ಚಿನಲ್ಲಿ ತೀರಿಕೊಂಡ. ವಯಸ್ಸು 24. ಮನೆಯಲ್ಲಿ ಆಡುವ ಗುಜರಾತಿಯನ್ನೇ ಮುಂಬಯಿಯ ವೇದಿಕೆಗೆ ತಂದವನು. ಬೇರೆ ಭಾಷೆಯ ಊರಿನಲ್ಲಿ ಮಕ್ಕಳಿಗೆ ಕನ್ನಡ ಉಳಿಸುವ ಚಿಂತೆಯಲ್ಲಿರುವ ನಮಗೆ ಆ ಹುಡುಗನ ನೆನಪು ಬೇಕು. ತಾಯ್ನುಡಿಯನ್ನು ಬೀಗ ಹಾಕಿ ಇಡದೆ, ಬೇರೆಯವರ ನೋವಿನ ಪಕ್ಕದಲ್ಲಿ ನಿಲ್ಲಿಸಿದರೂ ಅದು ಉಳಿಯುತ್ತದೆ.

ಮತ್ತೆ ಯೇವೂರಿಗೆ. ಮೇ ತಿಂಗಳಲ್ಲಿ ಗೇಟಿನ ಹತ್ತಿರ ಪಾಡಾದ ಹೆಂಗಸರು ಸಾಗವಾನಿ ಎಲೆಯ ದೊನ್ನೆಯಲ್ಲಿ ಕವಳಿ ಹಣ್ಣು ಇಟ್ಟುಕೊಂಡು ಕೂತಿರುತ್ತಾರೆ. ಕಳೆದ ಬೇಸಿಗೆಯಲ್ಲಿ ಒಬ್ಬ ಮುದುಕಿಯ ಹತ್ತಿರ ಎರಡು ದೊನ್ನೆ ಕೊಂಡೆ. ನನ್ನ ಮರಾಠಿ ಕೇಳಿ, “ಭಾವೂ, ನಿನ್ನ ಊರು ಯಾವುದು?” ಎಂದಳು. “ಠಾಣೆ” ಎಂದೆ. “ಅದು ಮನೆ. ಊರು?” ಎಂದಳು. ಕರ್ನಾಟಕ, ಅಲ್ಲೊಂದು ನದಿ, ನದಿಗೆ ಕಟ್ಟೆ, ಅಮ್ಮನ ಊರು ನೀರಿನಡಿ ಎಂದು ತುಂಡುತುಂಡಾಗಿ ಹೇಳಿದೆ. ಅವಳಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ. “ಇಲ್ಲಿ ಗುಡ್ಡದ ಅಡಿಯಿಂದ ರಸ್ತೆ ಕೊರೆಯುತ್ತಾರಂತೆ. ಮೇಲೆ ಏನೂ ಆಗುವುದಿಲ್ಲ ಎನ್ನುತ್ತಾರೆ. ಬೇರು ಎಷ್ಟು ಕೆಳಗೆ ಹೋಗಿರುತ್ತದೆ ಎಂದು ಅವರಿಗೆ ಗೊತ್ತಿದೆಯೋ ಏನೋ” ಎಂದು, ಮೇಲೆ ಒಂದು ಹಿಡಿ ಹಣ್ಣು ಹಾಕಿದಳು.

ಅವಳು ಹೇಳಿದ್ದು ಠಾಣೆ–ಬೊರಿವಲಿ ಜೋಡಿ ಸುರಂಗದ ಬಗ್ಗೆ. ಠಾಣೆಯ ಟಿಕುಜಿನಿವಾಡಿಯಿಂದ ಬೊರಿವಲಿಯ ಮಾಗಾಠಾಣೆಗೆ, ಉದ್ಯಾನದ ಅಡಿಯಿಂದ. ಒಟ್ಟು ಸುಮಾರು 11.8 ಕಿಲೋಮೀಟರ್, ಅದರಲ್ಲಿ 10 ಕಿಲೋಮೀಟರಿಗೂ ಹೆಚ್ಚು ಸುರಂಗ. 2024ರ ಜುಲೈಯಲ್ಲಿ ಭೂಮಿಪೂಜೆ ಆಯಿತು. ಘೋಡ್‌ಬಂದರ್ ರೋಡಿನಲ್ಲಿ ಒಂದೂವರೆ ಗಂಟೆ ಸಿಕ್ಕಿಬಿದ್ದು ಬೊರಿವಲಿಯ ಆಫೀಸಿಗೆ ಹೋಗುವ ನಮ್ಮವರು ಇದಕ್ಕಾಗಿ ದಾರಿ ಕಾಯುತ್ತಿದ್ದಾರೆ. ಆ ರಸ್ತೆಯ ಗಾಡಿಗಳ ಸಾಲಿನಲ್ಲಿ ನಾನೂ ಇದ್ದೇನೆ. ಸುರಂಗ ಆದರೆ ಅದರಲ್ಲೇ ಹೋಗುತ್ತೇನೆ. ಆದರೆ ಆ ಹತ್ತು ಹದಿನೈದು ನಿಮಿಷದಲ್ಲಿ ನಮ್ಮ ತಲೆಯ ಮೇಲೆ ಯಾರಿದ್ದಾರೆ ಎಂಬುದು ತಿಳಿದಿರಬೇಕು.

ಇದೇ ಕಾಡಿನ ನಡುವೆ ಕಾನ್ಹೇರಿಯ ಗುಹೆಗಳಿವೆ. ಕನ್ನಡಿಗರು ಅಲ್ಲಿಗೆ ಹೋದರೆ ಒಂದು ವಿಷಯಕ್ಕೆ ಹಿಗ್ಗಬಹುದು. ಕೊಂಕಣದ ಶಿಲಾಹಾರರು 9ನೇ ಶತಮಾನದಲ್ಲಿ ಅಲ್ಲಿ ಕೆತ್ತಿಸಿದ ಶಾಸನಗಳಲ್ಲಿ ತಮ್ಮ ಒಡೆಯನೆಂದು ರಾಷ್ಟ್ರಕೂಟ ಅಮೋಘವರ್ಷನನ್ನು ಹೆಸರಿಸಿದ್ದಾರೆ. ‘ಕವಿರಾಜಮಾರ್ಗ’ದ ನೃಪತುಂಗನೇ ಅವನು. ಸಾವಿರದ ಇನ್ನೂರು ವರ್ಷದ ಹಿಂದೆ ನಮ್ಮ ದೊರೆಯ ಹೆಸರು ಈ ಬಂಡೆಯ ಮೇಲೆ ಬಂದಿದೆ ಎಂದು ನಮ್ಮ ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕು ಕೂಡ. ಆದರೆ ಬಂಡೆಯ ಸುತ್ತಲಿನ ಕಾಡಿನಲ್ಲಿ ಹುಲ್ಲು ಕೊಯ್ದವರ, ಬಿದಿರು ಕಡಿದವರ ಹೆಸರನ್ನು ಯಾವ ದೊರೆಯೂ ಕೆತ್ತಿಸಲಿಲ್ಲ. ಅವರ ಪಾಲಿಗೆ ಉಳಿದದ್ದು ಹಾಡು. ಅದು ಈಗ ಬೇಸ್ ಸ್ಪೀಕರಿನಲ್ಲಿ ಬರುತ್ತಿದೆ ಎಂದರೆ, ಅದನ್ನು ಗದ್ದಲ ಎಂದು ತಳ್ಳಿಹಾಕುವುದು ಬೇಡ.

ನವೆಂಬರ್ ಬಂದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ನಮ್ಮ ಸಂಘಗಳಲ್ಲೆಲ್ಲ ರಾಜ್ಯೋತ್ಸವ. ಬೆಂಗಳೂರಿನಿಂದ ಅತಿಥಿಗಳು, ಮಂಗಳೂರಿನಿಂದ ಮೇಳ, ಧಾರವಾಡದಿಂದ ಗಾಯಕರು. ಒಂದು ವರ್ಷ ಅದರ ಜೊತೆಗೆ ಯೇವೂರಿನ ಪಾಡಾದಿಂದ ತಾರ್ಪಾ ನುಡಿಸುವವರನ್ನೂ ಕರೆಯಬಹುದು. ನವೆಂಬರ್ ಅವರ ಸುಗ್ಗಿಯ ಕಾಲವೂ ಹೌದು. ಊಟದ ಹೊತ್ತಿಗೆ, ಎಲ್ಲರೂ ತಟ್ಟೆ ಹಿಡಿದು ಓಡಾಡುವಾಗ ಹತ್ತು ನಿಮಿಷದ ‘ಐಟಂ’ ಎಂದು ಕರೆಯುವುದಲ್ಲ. ಆ ಹಾಡಿನಲ್ಲಿ ಭೋಯಿರ್ ಅವರಿಗೆ ಹುಡುಗರು ಕೊಟ್ಟ ಜಾಗ ಕೊಡಬೇಕು: ಮೊದಲು ಅವರ ದನಿ, ಪತ್ರಿಕೆಯಲ್ಲಿ ಅವರ ಹೆಸರು, ಮೈಕು ಅವರ ಕೈಯಲ್ಲಿ, ಸಂಭಾವನೆ ಉಳಿದ ಕಲಾವಿದರಷ್ಟೇ. ಆಮೇಲೆ ನಮ್ಮ ಹುಡುಗರಲ್ಲಿ ಯಾರಾದರೂ ಕನ್ನಡದಲ್ಲಿ ರ್‍ಯಾಪ್ ಕಟ್ಟುವುದಾದರೆ, ಆ ಪದಕ್ಕೆ ಅರ್ಥ ಹೇಳಲಿ. ಡೊಂಬಿವಲಿಯಲ್ಲಿ ನನ್ನ ಅಕ್ಕನ ಮಗ ಆಗಲೇ ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದಾನೆ. ಶರಾವತಿ ಎಂಬ ಪದ ಎರಡು ಕಡೆ ಬಂದದ್ದನ್ನು ನೋಡಿದ್ದೇನೆ.